ಜಾನ್ ಫಿಶರ್ ಅವರೇ, ನಿಮ್ಮ ಪತ್ರಕ್ಕೆ ನನ್ನ ಉತ್ತರ

ಮಾನ್ಯ ಜಾನ್ ಫಿಶರ್ ಅವರಿಗೆ,

ನಮಸ್ಕಾರ.

2024ರ ಸೆಪ್ಟೆಂಬರ್ ಕೊನೆಯಲ್ಲಿ ನೀವು ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ ಬೇಸ್‌ಬಾಲ್ ತಂಡದ ಮಾಲೀಕರಾಗಿ ಅಭಿಮಾನಿಗಳಿಗೆ ಒಂದು ಪತ್ರ ಬರೆದಿರಿ. ಊರಲ್ಲೇ ಉಳಿಯಬೇಕು ಅಂತ ಪ್ರಯತ್ನಪಟ್ಟೆವು, ಆಗಲಿಲ್ಲ, ಕ್ಷಮಿಸಿ ಅಂತ ಅದರಲ್ಲಿತ್ತು. ಆ ಪತ್ರ ಬಂದಾಗ ಓಕ್‌ಲ್ಯಾಂಡಿನ ಕಾಲಿಸಿಯಂ ಮೈದಾನದಲ್ಲಿ ಇನ್ನು ಮೂರೇ ಆಟ ಬಾಕಿ ಇದ್ದವು. ಉತ್ತರ ಬರೆಯಲು ನನಗೆ ಒಂದು ವರ್ಷಕ್ಕಿಂತ ಜಾಸ್ತಿ ಬೇಕಾಯಿತು. ಕೋಪದಲ್ಲಿ ಬರೆಯಬಾರದು ಅಂತ ಕಾದೆ. ಊರು ಬಿಟ್ಟ ಮೇಲೆ ತಂಡವನ್ನು ಹೇಗೆ ನಡೆಸುತ್ತೀರಿ ಅನ್ನುವುದನ್ನು ಪೂರ್ತಿ ಒಂದು ಸೀಸನ್ ನೋಡಿ ಆಮೇಲೆ ಬರೆಯೋಣ ಅಂತಲೂ ಅಂದುಕೊಂಡೆ. ಈಗ 2025ರ ಸೀಸನ್ ಮುಗಿದಿದೆ. 162 ಆಟ, 76 ಗೆಲುವು, 86 ಸೋಲು. ನೋಡಿದ್ದಾಯಿತು.

ಈ ಪತ್ರ ಕನ್ನಡದಲ್ಲಿದೆ. ಇಂಗ್ಲಿಷಿನಲ್ಲಿ ನಿಮಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಈ ಆಟ ಕಲಿತದ್ದು ಕನ್ನಡದಲ್ಲಿ ಯೋಚನೆ ಮಾಡುತ್ತಾ. ತಂಡ ಸೋತಾಗ ಬೇಜಾರು ಮಾಡಿಕೊಂಡದ್ದೂ ಕನ್ನಡದಲ್ಲೇ. ಕ್ಯಾಲಿಫೋರ್ನಿಯಾದಲ್ಲಿ ಓಕ್‌ಲ್ಯಾಂಡ್ ಆಸುಪಾಸಿನ ಫ್ರೀಮಾಂಟ್, ಯೂನಿಯನ್ ಸಿಟಿ, ಡಬ್ಲಿನ್, ಸ್ಯಾನ್ ರಮೋನ್ ಕಡೆ ಕನ್ನಡದ ಮನೆಗಳು ಎಷ್ಟೋ ಇವೆ. ಹಸಿರು ಹಳದಿ ಟೋಪಿ ಹಾಕಿಕೊಂಡು ಬೆಳೆದ ಮಕ್ಕಳು ಆ ಮನೆಗಳಲ್ಲೂ ಇದ್ದಾರೆ. ಮತ್ತೆ, ಕರ್ನಾಟಕದಲ್ಲಿರುವ ನನ್ನ ಬಂಧುಗಳು ಕೇಳುತ್ತಾರೆ: ಒಂದು ಟೀಮ್ ಹೋದರೆ ಹೋಗಲಿ, ಅದಕ್ಕೇಕೆ ಇಷ್ಟು ಸಂಕಟ ಅಂತ. ಈ ಪತ್ರವನ್ನು ಅವರೂ ಓದಲಿ.

ಅವರಿಗೆ ತಿಳಿಯುವ ಹಾಗೆ ಒಂದು ವಿಷಯ ಹೇಳುತ್ತೇನೆ. 2024ರ ಮಾರ್ಚ್‌ನಲ್ಲಿ ನಮ್ಮ ಆರ್‌ಸಿಬಿ ತನ್ನ ಹೆಸರಿನಲ್ಲಿದ್ದ ‘ಬ್ಯಾಂಗಲೋರ್’ ತೆಗೆದು ‘ಬೆಂಗಳೂರು’ ಅಂತ ಮಾಡಿಕೊಂಡಿತು. ಜನ ಎಷ್ಟು ವರ್ಷದಿಂದ ಕೇಳುತ್ತಿದ್ದರು! ಒಂದೇ ಒಂದು ಪದ ಬದಲಾಯಿತು, ಇಲ್ಲಿ ಕೂತ ನನಗೂ ಕಣ್ಣು ತುಂಬಿತು. ಅದಾಗಿ ಎರಡು ವಾರ ಕಳೆದಿತ್ತು ಅಷ್ಟೆ. ಏಪ್ರಿಲ್ 4ರಂದು ನಿಮ್ಮ ಕಡೆಯಿಂದ ಸುದ್ದಿ ಬಂತು. 2025ರಿಂದ ತಂಡ ವೆಸ್ಟ್ ಸ್ಯಾಕ್ರಮೆಂಟೊದಲ್ಲಿ ಆಡುತ್ತದೆ, ಲಾಸ್ ವೇಗಾಸ್ ಮೈದಾನ ಸಿದ್ಧವಾಗುವ ತನಕ ಅಲ್ಲೇ ಇರುತ್ತದೆ, ಹೆಸರು ಬರೀ ‘ಅಥ್ಲೆಟಿಕ್ಸ್’ ಅಂತ. ಓಕ್‌ಲ್ಯಾಂಡ್ ಇಲ್ಲ. ಸ್ಯಾಕ್ರಮೆಂಟೊ ಕೂಡ ಇಲ್ಲ. ಒಂದೇ ತಿಂಗಳ ಒಳಗೆ ನನ್ನ ಒಂದು ತಂಡಕ್ಕೆ ಊರಿನ ಸರಿಯಾದ ಹೆಸರು ಸಿಕ್ಕಿತು, ಇನ್ನೊಂದು ತಂಡಕ್ಕೆ ಊರೇ ಇಲ್ಲದ ಹಾಗಾಯಿತು.

ನಾನು 2001ರಲ್ಲಿ ತಿಪಟೂರಿನಿಂದ ಫ್ರೀಮಾಂಟ್‌ಗೆ ಬಂದವಳು. ಆಗ ಬೇಸ್‌ಬಾಲ್ ಅಂದರೆ ಏನೂ ಗೊತ್ತಿರಲಿಲ್ಲ. ನಮ್ಮ ಅಪ್ಪ ಕ್ರಿಕೆಟ್ ಕಾಮೆಂಟರಿಗೆ ರೇಡಿಯೋ ಕಿವಿಗೆ ಒತ್ತಿಕೊಂಡು ಕೂರುತ್ತಿದ್ದವರು. ಆ ಅಭ್ಯಾಸ ನನಗೂ ಇತ್ತು. ಇಲ್ಲಿ ಕ್ರಿಕೆಟ್ ಇರಲಿಲ್ಲ, ಏಸ್ ಆಟದ ಕಾಮೆಂಟರಿ ಇತ್ತು. ತಂಡವನ್ನು ಇಲ್ಲಿ ಎಲ್ಲರೂ ಏಸ್ ಅಂತಲೇ ಕರೆಯುವುದು. ಬಿಲ್ ಕಿಂಗ್ ಅವರ ದನಿ ಕೇಳುತ್ತಾ ಕೇಳುತ್ತಾ ಚೆಂಡು ಎಸೆಯುವ ಪಿಚರ್ ಯಾರು, ಶಾರ್ಟ್‌ಸ್ಟಾಪ್ ಎಲ್ಲಿ ನಿಲ್ಲುತ್ತಾನೆ, ಮೂರು ಸ್ಟ್ರೈಕ್ ಅಂದರೆ ಏನು ಅಂತ ಒಂದೊಂದೇ ತಿಳಿಯಿತು. 2002ರ ಸೆಪ್ಟೆಂಬರ್ 4ರ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಸತತ 19 ಗೆದ್ದಿದ್ದ ತಂಡ 20ನೆಯದಕ್ಕೆ ಆಡುತ್ತಿತ್ತು. ಕ್ಯಾನ್ಸಸ್ ಸಿಟಿ ವಿರುದ್ಧ 11-0 ಮುಂದಿತ್ತು. ಗೆದ್ದೇಬಿಟ್ಟೆವು ಅಂತ ನಾನು ಹಿಟ್ಟು ಕಲಸಲು ಹೋದೆ. ತಿರುಗಿ ಬರುವಷ್ಟರಲ್ಲಿ ಆಟ ಬಿಗಿಯಾಗಿತ್ತು, ಕೊನೆಗೆ 11-11 ಆಯಿತು. ಆಗ ಸ್ಕಾಟ್ ಹ್ಯಾಟ್‌ಬರ್ಗ್ ಬಂದು ಹೋಮ್ ರನ್ ಹೊಡೆದ, ಅಂದರೆ ಚೆಂಡನ್ನು ನಮ್ಮ ಸಿಕ್ಸರ್ ಹಾಗೆ ಮೈದಾನದ ಗೋಡೆ ದಾಟಿಸಿದ. 12-11. ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟಿದೆ. ಅವತ್ತಿನಿಂದ ಈ ತಂಡ ನನ್ನದು.

ನೀವು ತಂಡ ಕೊಂಡದ್ದು ಅದಾಗಿ ಮೂರು ವರ್ಷಕ್ಕೆ, 2005ರಲ್ಲಿ. ಲ್ಯೂ ವುಲ್ಫ್ ಜೊತೆ ಸೇರಿ 18 ಕೋಟಿ ಡಾಲರಿಗೆ. ಅಂದರೆ ಮಾಲೀಕರಾಗಿ ನಿಮಗೂ ಅಭಿಮಾನಿಯಾಗಿ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ನಾವಿಬ್ಬರೂ ನೋಡಿದ್ದು ಅದೇ ಆಟಗಳು.

ಈಗ ವಿಷಯಕ್ಕೆ ಬರುತ್ತೇನೆ. ಮೊದಲು ಹುಡುಗರ ಬಗ್ಗೆ, ಏಕೆಂದರೆ ಅವರದ್ದೇನೂ ತಪ್ಪಿಲ್ಲ.

2025ರಲ್ಲಿ ಈ ತಂಡದಲ್ಲಿ ಆಡಿದ ಹುಡುಗರು ಚಿನ್ನದಂಥವರು. ನಿಕ್ ಕರ್ಟ್ಸ್‌ಗೆ ಆಗ 22 ವರ್ಷ. 117 ಆಟಗಳಲ್ಲಿ 36 ಹೋಮ್ ರನ್. ಜುಲೈ 25ರಂದು ಹ್ಯೂಸ್ಟನ್‌ನಲ್ಲಿ ಆರು ಸಲ ಬ್ಯಾಟ್ ಹಿಡಿದು ಆರಕ್ಕೆ ಆರೂ ಹಿಟ್, ಅದರಲ್ಲಿ ನಾಲ್ಕು ಹೋಮ್ ರನ್. ಮೊದಲ ವರ್ಷದ ಆಟಗಾರ ಒಬ್ಬ ಒಂದೇ ಆಟದಲ್ಲಿ ನಾಲ್ಕು ಹೊಡೆದದ್ದು ಇಲ್ಲಿನ ಅತಿ ದೊಡ್ಡ ಲೀಗ್ ಆದ ಮೇಜರ್ ಲೀಗ್ ಇತಿಹಾಸದಲ್ಲೇ ಅದು ಮೊದಲು. ಅದರ ಒಂದು ಭಾಗವಾದ ಅಮೆರಿಕನ್ ಲೀಗಿನ ವರ್ಷದ ಹೊಸ ಆಟಗಾರ ಪ್ರಶಸ್ತಿ ಅವನಿಗೇ ಬಂತು. ಜೇಕಬ್ ವಿಲ್ಸನ್ .311 ಸರಾಸರಿಯಲ್ಲಿ ಹೊಡೆದ, ಅಂದರೆ ಹತ್ತಕ್ಕೆ ಸುಮಾರು ಮೂರು ಸಲ ಹಿಟ್. ಮೊದಲ ವರ್ಷದಲ್ಲೇ ಲೀಗಿನ ಶ್ರೇಷ್ಠರು ಆಡುವ ಆಲ್-ಸ್ಟಾರ್ ಆಟದಲ್ಲಿ ಶಾರ್ಟ್‌ಸ್ಟಾಪ್ ಆಗಿ ಇಳಿದ. ಶೇ ಲ್ಯಾಂಗಲಿಯರ್ಸ್, ಬ್ರೆಂಟ್ ರೂಕರ್, ಟೈಲರ್ ಸೋಡರ್‌ಸ್ಟ್ರಮ್, ಲಾರೆನ್ಸ್ ಬಟ್ಲರ್. ಇಂಥ ಬ್ಯಾಟಿಂಗ್ ನಮ್ಮ ತಂಡದಲ್ಲಿ ನೋಡಿ ಎಷ್ಟೋ ಕಾಲವಾಗಿತ್ತು.

ಹಾಗಿದ್ದೂ 86 ಸೋಲು ಏಕೆ? ಮೇ ಮಧ್ಯದ ತನಕ 22 ಗೆಲುವು, 20 ಸೋಲು ಇತ್ತು. ಆಮೇಲೆ 21 ಆಟಗಳಲ್ಲಿ 20 ಸೋತೆವು. ಆ ಮೂರು ವಾರ ನಾನು ರೇಡಿಯೋ ಹಾಕುವುದು, ಆರಿಸುವುದು, ಮತ್ತೆ ಹಾಕುವುದು ಮಾಡುತ್ತಿದ್ದೆ. ಪಿಚರ್‌ಗಳು ಸಿಕ್ಕಾಪಟ್ಟೆ ಏಟು ತಿಂದರು. ವೆಸ್ಟ್ ಸ್ಯಾಕ್ರಮೆಂಟೊದ ಸಟರ್ ಹೆಲ್ತ್ ಪಾರ್ಕ್ ಚೆಂದದ ಮೈದಾನ, ಸುಳ್ಳು ಹೇಳುವುದಿಲ್ಲ. ಆದರೆ ಅದು ಕೆಳಗಿನ ಹಂತದ ತಂಡಕ್ಕೆ ಕಟ್ಟಿದ್ದು. 14 ಸಾವಿರ ಜನ ಹಿಡಿಯುತ್ತದೆ. ಆಟಗಾರರ ಕೋಣೆಗಳು ಔಟ್‌ಫೀಲ್ಡ್ ಗೋಡೆಯ ಆಚೆ ಇವೆ. ನಡುವೆ ಏನಾದರೂ ಬೇಕಾದರೆ ಮೈದಾನ ದಾಟಿ ಹೋಗಬೇಕು. ಆ ಕೆಳಗಿನ ಹಂತದ ತಂಡ ರಿವರ್ ಕ್ಯಾಟ್ಸ್ ಕೂಡ ಅದೇ ಹುಲ್ಲಿನ ಮೇಲೆ ಆಡುತ್ತದೆ. ಬೇಸಿಗೆಯಲ್ಲಿ ಆ ಊರಿನ ಬಿಸಿಲು ನಮ್ಮ ರಾಯಚೂರನ್ನು ನೆನಪಿಸುತ್ತದೆ. ಮಾರ್ಚ್ 31ರಂದು ಅಲ್ಲಿ ಆಡಿದ ಮೊದಲ ಆಟದಲ್ಲೇ ಶಿಕಾಗೊ ಕಬ್ಸ್ 18-3ರಿಂದ ಹೊಡೆದುಹಾಕಿದರು. ನೀವು 6 ಕೋಟಿ 70 ಲಕ್ಷ ಡಾಲರ್ ಕೊಟ್ಟು ತಂದ ಲೂಯಿಸ್ ಸೆವರಿನೊ ಬೇರೆ ಊರುಗಳಲ್ಲಿ ಚೆನ್ನಾಗಿ ಎಸೆದ, ಮನೆಯ ಮೈದಾನದಲ್ಲಿ ಒದ್ದಾಡಿದ. ಇಲ್ಲಿ ಆಡುವುದು ಅಭ್ಯಾಸ ಪಂದ್ಯ ಆಡಿದ ಹಾಗಿದೆ ಅನ್ನುವ ಅರ್ಥದಲ್ಲಿ ಬಹಿರಂಗವಾಗಿಯೇ ಹೇಳಿದ. ಪಾಪ, ಅವನಿಗೆ ಅನಿಸಿದ್ದನ್ನು ಹೇಳಿದ. ಜನರೂ ಬರಲಿಲ್ಲ, ಸರಾಸರಿ ಹತ್ತು ಸಾವಿರ ಕೂಡ ದಾಟಲಿಲ್ಲ. ಇದರಲ್ಲಿ ಸ್ಯಾಕ್ರಮೆಂಟೊ ಜನರ ತಪ್ಪು ಏನಿದೆ? ಮೂರು ವರ್ಷ ಇದ್ದು ಹೋಗುತ್ತೇವೆ, ನಿಮ್ಮ ಊರಿನ ಹೆಸರು ಇಟ್ಟುಕೊಳ್ಳುವುದಿಲ್ಲ, ತೋಳಿನ ಮೇಲೆ ಒಂದು ಪಟ್ಟಿ ಹೊಲಿಸುತ್ತೇವೆ ಅಂದರೆ ಯಾರಿಗೆ ಪ್ರೀತಿ ಹುಟ್ಟುತ್ತದೆ?

ಮ್ಯಾನೇಜರ್ ಮಾರ್ಕ್ ಕಾಟ್ಸೆ ಬಗ್ಗೆ ನನಗೆ ಗೌರವ ಇದೆ. 2023ರಲ್ಲಿ 112 ಆಟ ಸೋತಾಗಲೂ ಅವರ ಮುಖದಲ್ಲಿ ಸಿಡುಕು ಕಾಣಲಿಲ್ಲ. ಅವರ ಕರಾರು ಮುಂದುವರಿಸಿದ್ದು ಒಳ್ಳೆಯ ಕೆಲಸ.

ಜೂನ್‌ನಲ್ಲಿ ಅನಹೈಮ್‌ನಲ್ಲಿ ಡೆನ್ಜಲ್ ಕ್ಲಾರ್ಕ್ ಒಂದು ಕ್ಯಾಚ್ ಹಿಡಿದ. ಹೋಮ್ ರನ್ ಅಂತ ಎಲ್ಲರೂ ಅಂದುಕೊಂಡಿದ್ದ ಚೆಂಡು. ಹುಡುಗ ಓಡಿ ಬಂದು, ಗೋಡೆ ಹತ್ತಿ, ಅರ್ಧ ದೇಹ ಆಚೆಗೆ ಚಾಚಿ ಹಿಡಿದುಬಿಟ್ಟ. ಆ ವಿಡಿಯೋವನ್ನು ತಿಪಟೂರಿಗೆ ಅಪ್ಪನಿಗೆ ಕಳಿಸಿದೆ. ಅಪ್ಪನಿಗೆ ಈಗ 81. ಅವರಿಗೆ ಈ ಆಟ ಹೊಸದಲ್ಲ. 2012ರಲ್ಲಿ ಆರು ತಿಂಗಳು ನಮ್ಮ ಮನೆಯಲ್ಲಿದ್ದರು. ಆ ವರ್ಷ ಜೂನ್ ಕೊನೆಗೆ ನಮ್ಮ ತಂಡ ಟೆಕ್ಸಸ್‌ಗಿಂತ 13 ಆಟ ಹಿಂದಿತ್ತು. ಅಕ್ಟೋಬರ್ 3, ಸೀಸನ್ನಿನ ಕೊನೆಯ ದಿನ, ಅದೇ ಟೆಕ್ಸಸ್ ಮೇಲೆ ಗೆದ್ದರೆ ಡಿವಿಷನ್, ಅಂದರೆ ನಮ್ಮ ಗುಂಪಿನ ಮೊದಲ ಸ್ಥಾನ, ನಮ್ಮದು. ಅಪ್ಪನನ್ನು ಕರೆದುಕೊಂಡು ಬಾರ್ಟ್ ರೈಲಿನಲ್ಲಿ ಹೋದೆ. ಡಬ್ಬಿಯಲ್ಲಿ ಪುಳಿಯೋಗರೆ. ಬಲಗಡೆ ಸ್ಟ್ಯಾಂಡಿನಲ್ಲಿ ಡ್ರಮ್ ಬಾರಿಸುವವರನ್ನು ನೋಡಿ ಅಪ್ಪ, ‘ಜಾತ್ರೆ ಕಣಮ್ಮ ಇದು’ ಅಂದರು. 1-5 ಹಿಂದಿದ್ದ ನಾವು 5-5 ಮಾಡಿದ ಮೇಲೆ, ನಮ್ಮ ಸೆಸ್ಪೆಡೆಸ್ ಎತ್ತಿ ಹೊಡೆದ ಸುಲಭದ ಚೆಂಡನ್ನು ಟೆಕ್ಸಸ್‌ನ ಜಾಶ್ ಹ್ಯಾಮಿಲ್ಟನ್ ಕೈಚೆಲ್ಲಿದ. ಕೊನೆಗೆ 12-5. ನಮ್ಮ ಪಕ್ಕ ಕೂತಿದ್ದ ಒಬ್ಬ ಅಜ್ಜ ಅಪ್ಪನನ್ನು ತಬ್ಬಿಕೊಂಡು ಅತ್ತರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ.

ಹೀಗಾಗಿ ಕ್ಲಾರ್ಕ್ ಕ್ಯಾಚ್ ನೋಡಿ ಅಪ್ಪ ಕೂಡಲೇ ಫೋನ್ ಮಾಡಿದರು. ಕ್ಯಾಚ್ ಬಗ್ಗೆ ಹೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು: ‘ಇದು ಯಾವ ಊರಿನ ಟೀಮಮ್ಮಾ? ಶರ್ಟಿನ ಮೇಲೆ ಊರಿನ ಹೆಸರೇ ಇಲ್ವಲ್ಲ?’

ನಮ್ಮ ಟೀಮೇ ಅಪ್ಪಾ ಅಂದೆ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಫಿಶರ್ ಅವರೇ, ನಿಮ್ಮ ಪತ್ರದಲ್ಲಿದ್ದ ‘ಪ್ರಯತ್ನಪಟ್ಟೆವು’ ಅನ್ನುವ ಮಾತಿನ ಮೇಲೆಯೇ ನನಗೆ ಹೇಳುವುದಿದೆ. ಒಂದಷ್ಟನ್ನು ಒಪ್ಪುತ್ತೇನೆ. ಕಾಲಿಸಿಯಂ ಹಳೆಯದಾಗಿತ್ತು. 2013ರಲ್ಲಿ ಚರಂಡಿ ನೀರು ಆಟಗಾರರ ಕೋಣೆಗೇ ನುಗ್ಗಿತ್ತು. 1990ರ ದಶಕದಲ್ಲಿ ರೇಡರ್ಸ್ ಫುಟ್‌ಬಾಲ್ ತಂಡಕ್ಕೋಸ್ಕರ ಎದ್ದ ಆ ಎತ್ತರದ ಕಾಂಕ್ರೀಟ್ ಸ್ಟ್ಯಾಂಡ್ ಓಕ್‌ಲ್ಯಾಂಡಿನ ಗುಡ್ಡಗಳನ್ನು ಮುಚ್ಚಿಹಾಕಿತು. ಹೊಸ ಮೈದಾನ ಬೇಕಿತ್ತು, ಅನುಮಾನವೇ ಇಲ್ಲ. ಸ್ಯಾನ್ ಹೊಸೆಗೆ ಹೋಗೋಣ ಅಂದರೆ ಅದು ತಮ್ಮ ಪ್ರದೇಶ ಅಂತ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತಂಡದವರು ಬಿಡಲಿಲ್ಲ. ಓಕ್‌ಲ್ಯಾಂಡ್ ನಗರಸಭೆಯೂ ಎಷ್ಟೋ ಕಡೆ ನಿಧಾನ ಮಾಡಿತು. 2006ರಲ್ಲಿ ನಮ್ಮ ಫ್ರೀಮಾಂಟ್‌ನಲ್ಲೇ ಮೈದಾನ ಕಟ್ಟುತ್ತೇವೆ ಅಂದಾಗ ನಾನು ಕುಣಿದಾಡಿದ್ದೆ. ವಾರ್ಮ್ ಸ್ಪ್ರಿಂಗ್ಸ್ ಕಡೆ ಕೆಲವರು ಬೇಡ ಅಂದರು, 2009ರಲ್ಲಿ ಅದೂ ಬಿದ್ದುಹೋಯಿತು. 2017ರಲ್ಲಿ ಲೇನಿ ಕಾಲೇಜಿನ ಪಕ್ಕ ಅಂದಿರಿ, ಮೂರೇ ತಿಂಗಳಲ್ಲಿ ಕಾಲೇಜಿನವರು ಮಾತುಕತೆ ನಿಲ್ಲಿಸಿದರು. ಆಮೇಲೆ ಬಂದರಿನ ಹತ್ತಿರ ಹೋವರ್ಡ್ ಟರ್ಮಿನಲ್. ಮೈದಾನ ಮಾತ್ರ ಸಾಲದು ಅಂತ ಮನೆ, ಅಂಗಡಿ, ಹೋಟೆಲ್ ಎಲ್ಲ ಸೇರಿ 1,200 ಕೋಟಿ ಡಾಲರಿನ ಯೋಜನೆ. ಒಂದು ಚೆಂಡಾಟದ ಮೈದಾನ ಕೇಳಿದ ಊರಿಗೆ ಒಂದು ಹೊಸ ಊರನ್ನೇ ತೋರಿಸಿದಿರಿ. ಅದು ತುಂಬಾ ದೊಡ್ಡ ಆಸೆಯಾಯಿತು ಅಂತ ನನ್ನ ಅಭಿಪ್ರಾಯ. 2023ರ ಏಪ್ರಿಲ್‌ನಲ್ಲಿ ಅದನ್ನೂ ಬಿಟ್ಟು ಲಾಸ್ ವೇಗಾಸ್‌ನಲ್ಲಿ ಜಾಗ ನೋಡಿದಿರಿ.

ಮೈದಾನದ ಕಥೆ ಅಷ್ಟು. ಅದರಲ್ಲಿ ಹಲವರ ಪಾಲಿದೆ. ಆದರೆ ತಂಡ? ತಂಡ ಪೂರ್ತಿ ನಿಮ್ಮ ಕೈಯಲ್ಲಿತ್ತು.

2018ರಲ್ಲಿ 97 ಗೆಲುವು. 2019ರಲ್ಲೂ 97. ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್‌ಮನ್, ಮಾರ್ಕಸ್ ಸೆಮಿಯನ್. ಮೂವರೂ ಹರೆಯದಲ್ಲಿದ್ದರು. ಸೆಮಿಯನ್ ಇಲ್ಲೇ ಈಸ್ಟ್ ಬೇಯಲ್ಲಿ ಬೆಳೆದು, ಬರ್ಕ್ಲಿಯಲ್ಲಿ ಓದಿದ ಹುಡುಗ. 2020ರ ನಂತರ ಅವನನ್ನು ಹೋಗಲು ಬಿಟ್ಟಿರಿ. ಮುಂದಿನ ವರ್ಷ ಟೊರಾಂಟೊದಲ್ಲಿ ಅವನು 45 ಹೋಮ್ ರನ್ ಹೊಡೆದ. 2022ರ ಮಾರ್ಚ್‌ನಲ್ಲಿ ಐದೇ ದಿನಗಳಲ್ಲಿ ಬ್ಯಾಸಿಟ್, ಓಲ್ಸನ್, ಚಾಪ್‌ಮನ್ ಮೂವರನ್ನೂ ಬೇರೆ ತಂಡಗಳಿಗೆ ಕಳಿಸಿದಿರಿ. ಏಪ್ರಿಲ್‌ನಲ್ಲಿ ಮನಾಯ. ಡಿಸೆಂಬರ್‌ನಲ್ಲಿ ಮರ್ಫಿ. ಆಗ ನನ್ನ ಮಗಳು ಕಾಲೇಜು ಸೇರುವುದರಲ್ಲಿದ್ದಳು. ಅವಳ ಕೋಣೆಯಲ್ಲಿ ಚಾಪ್‌ಮನ್ ಚಿತ್ರ ಇತ್ತು. ಅವಳು ಅದನ್ನು ತೆಗೆಯಲಿಲ್ಲ, ತಿರುಗಿಸಿ ಇಟ್ಟಳು. 2022ರಲ್ಲಿ 102 ಸೋಲು. 2023ರಲ್ಲಿ 112. ನಾಲ್ಕು ವರ್ಷದಲ್ಲಿ 97 ಗೆಲುವಿನಿಂದ 112 ಸೋಲಿಗೆ ಇಳಿದೆವು. ಹೀಗೆ ತಂಡವನ್ನು ಬರಿದು ಮಾಡಿದ ಮೇಲೆ, ಜನ ಬರುತ್ತಿಲ್ಲ ಅನ್ನುವ ಮಾತು ಶುರುವಾಯಿತು.

ದುಡ್ಡಿಲ್ಲದೆ ಹೀಗೆ ಮಾಡಿದಿರಿ ಅಂತ ಆಗ ನಾನು ನಂಬಿದ್ದೆ. ಸಣ್ಣ ಊರಿನ ತಂಡ, ಆದಾಯ ಕಡಿಮೆ, ಇರುವುದರಲ್ಲೇ ಸಂಸಾರ ಮಾಡಬೇಕು ಅಂತ ಮಗಳಿಗೆ ನಾನೇ ಸಮಾಧಾನ ಹೇಳಿದ್ದೆ. ಕಡಿಮೆ ದುಡ್ಡಿನಲ್ಲಿ ಗೆಲ್ಲುವ ತಂಡ ಅಂತ ನಮಗೆ ಹೆಮ್ಮೆಯೂ ಇತ್ತು.

ಓಕ್‌ಲ್ಯಾಂಡ್ ಬಿಟ್ಟು ಮೂರು ತಿಂಗಳೂ ಆಗಿರಲಿಲ್ಲ. ಸೆವರಿನೊಗೆ ಮೂರು ವರ್ಷಕ್ಕೆ 6 ಕೋಟಿ 70 ಲಕ್ಷ ಡಾಲರ್. ಜನವರಿಯಲ್ಲಿ ರೂಕರ್‌ಗೆ ಐದು ವರ್ಷಕ್ಕೆ 6 ಕೋಟಿ. ಮಾರ್ಚ್‌ನಲ್ಲಿ ಬಟ್ಲರ್‌ಗೆ ಏಳು ವರ್ಷಕ್ಕೆ 6 ಕೋಟಿ 55 ಲಕ್ಷ. ಓದಿದಾಗ ಮೊದಲು ಖುಷಿಯಾಯಿತು. ರೂಕರ್ ಉಳಿದ, ಬಟ್ಲರ್ ಉಳಿದ ಅಂತ. ಆಮೇಲೆ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯಿತು. ಹಾಗಾದರೆ ಉಳಿಸಿಕೊಳ್ಳಲು ಬರುತ್ತಿತ್ತು ಅಲ್ವಾ? 14 ಸಾವಿರ ಸೀಟಿನ ಮೈದಾನದಲ್ಲಿ ಆಡುವ ತಂಡಕ್ಕೆ ಕೈಗೂಡಿದ್ದು ಓಕ್‌ಲ್ಯಾಂಡಿನಲ್ಲಿ ಏಕೆ ಕೈಗೂಡಲಿಲ್ಲ? ಈ ಪ್ರಶ್ನೆಗೆ ನಿಮ್ಮ ಪತ್ರದಲ್ಲಿ ಉತ್ತರ ಇಲ್ಲ. ನಾನು ಬರೆಯುತ್ತಿರುವುದೇ ಈ ಪ್ರಶ್ನೆಗಾಗಿ.

ಓಕ್‌ಲ್ಯಾಂಡ್ ಜನ ಬರುವವರೇ ಅಲ್ಲ ಅನ್ನುವವರು 1979 ನೋಡಲಿ. ಚಾರ್ಲಿ ಫಿನ್ಲಿ ಮಾಲೀಕರಾಗಿದ್ದ ಕೊನೆಯ ಕಾಲ. ತಂಡ 108 ಸೋತಿತ್ತು. ವರ್ಷವಿಡೀ ಬಂದವರು 3,06,763 ಜನ. ಮರುವರ್ಷ ವಾಲ್ಟರ್ ಹಾಸ್ ತಂಡ ಕೊಂಡರು. ಲೀವೈಸ್ ಜೀನ್ಸ್ ಮನೆತನದವರು. ಊರಿನ ಶಾಲೆಗಳಿಗೆ ಹೋದರು, ಒಳ್ಳೆಯ ಆಟಗಾರರಿಗೆ ದುಡ್ಡು ಕೊಟ್ಟರು, ತಂಡ ಕಟ್ಟಿದರು. 1989ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಇಡೀ ಲೀಗಿನ ಫೈನಲ್, ಗೆದ್ದೆವು. ಭೂಕಂಪದಿಂದ ನಿಂತು ಮತ್ತೆ ನಡೆದ ಸರಣಿ ಅದು. 1990ರಲ್ಲಿ ಕಾಲಿಸಿಯಂಗೆ ಬಂದವರು 29,00,217. ಅದೇ ಊರು, ಅದೇ ಮೈದಾನ, ಅದೇ ರೈಲು ನಿಲ್ದಾಣ. ಮಾಲೀಕರು ಮಾತ್ರ ಬೇರೆ. ನಿಮ್ಮ ತಂದೆ ತಾಯಿ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲ ಗ್ಯಾಪ್ ಅಂಗಡಿ ತೆರೆದಾಗ ಅಲ್ಲಿ ಮಾರುತ್ತಿದ್ದದ್ದು ಹಾಸ್ ಮನೆತನದ ಲೀವೈಸ್ ಜೀನ್ಸನ್ನೇ. ಆ ಮನೆತನದ ಹೆಸರು ನಿಮಗೆ ಹೊಸದಲ್ಲ. ಅವರು ನಡೆದ ದಾರಿ ನಿಮ್ಮ ಕಣ್ಣೆದುರೇ ಇತ್ತು. ಅದು ನನಗೆ ಬಹಳ ನೋವು ಕೊಡುವ ವಿಷಯ.

2023ರ ಜೂನ್ 13ರಂದು ಜನ ಮತ್ತೆ ಬಂದರು. ಬಹಿಷ್ಕಾರ ಹಾಕಿ ಮನೆಯಲ್ಲಿ ಕೂರುವ ಬದಲು ಮೈದಾನ ತುಂಬಿಸೋಣ ಅಂತ ಅಭಿಮಾನಿಗಳೇ ತೀರ್ಮಾನಿಸಿದ ದಿನ. ಮಂಗಳವಾರ ಸಂಜೆ. ಆಗ ತಂಡ ಇಡೀ ಲೀಗಿನ ತಳದಲ್ಲಿತ್ತು. ಆದರೂ 27,759 ಜನ. ‘ಮಾರಿಬಿಡಿ’ ಅಂತ ಬರೆದ ಹಸಿರು ಟೀ ಶರ್ಟ್ ಹಾಕಿಕೊಂಡು ನಾನೂ ಮಗಳೂ ಹೋಗಿದ್ದೆವು. ಐದನೇ ಇನ್ನಿಂಗ್ಸ್ ಶುರುವಾದಾಗ ಎಲ್ಲರೂ ಸದ್ದಿಲ್ಲದೆ ನಿಂತೆವು. ಅಷ್ಟು ಜನ ಇರುವ ಕಡೆ ಅಂಥ ಮೌನ ನಾನು ಕೇಳಿಲ್ಲ. ಆಮೇಲೆ ಒಟ್ಟಿಗೆ ಕೂಗಿದೆವು. ಆ ರಾತ್ರಿ ಟ್ಯಾಂಪಾ ಮೇಲೆ 2-1ರಿಂದ ಗೆದ್ದೆವು, ಸತತ ಏಳನೇ ಗೆಲುವು. ಅದೇ ದಿನ ನೆವಾಡದ ಸೆನೆಟ್ ನಿಮ್ಮ ಮೈದಾನಕ್ಕೆ ಜನರ ತೆರಿಗೆಯಿಂದ 38 ಕೋಟಿ ಡಾಲರ್ ತನಕ ಕೊಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ನವೆಂಬರ್‌ನಲ್ಲಿ ಉಳಿದ ತಂಡಗಳ ಮಾಲೀಕರೂ ನಿಮ್ಮ ಜೊತೆ ಕೈ ಎತ್ತಿದರು. 30ಕ್ಕೆ 30. ಒಬ್ಬರಾದರೂ ಬೇಡ ಅನ್ನಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೊನೆಯ ಆಟದ ದಿನ, 2024ರ ಸೆಪ್ಟೆಂಬರ್ 26. 46,889 ಜನ. ತಂಡದ ಹಿಂದಿನ ಆಟಗಾರರಾದ ರಿಕಿ ಹೆಂಡರ್ಸನ್ ಮತ್ತು ಡೇವ್ ಸ್ಟೂವರ್ಟ್ ಮೊದಲ ಚೆಂಡು ಎಸೆದರು. ಇಬ್ಬರೂ ಓಕ್‌ಲ್ಯಾಂಡಿನ ಬೀದಿಗಳಲ್ಲಿ ಬೆಳೆದವರು. ಕ್ರಿಕೆಟ್ ಬಲ್ಲವರಿಗೆ ರಿಕಿ ಬಗ್ಗೆ ಹೇಳಬೇಕು. ಪಿಚರ್ ಕಣ್ಣು ತಪ್ಪಿಸಿ ಒಂದು ಬೇಸ್‌ನಿಂದ ಇನ್ನೊಂದಕ್ಕೆ ಓಡುವುದಕ್ಕೆ ಬೇಸ್ ಕದಿಯುವುದು ಅನ್ನುತ್ತಾರೆ. ರಿಕಿ ಜೀವಮಾನದಲ್ಲಿ 1,406 ಬೇಸ್ ಕದ್ದರು, ಆ ದಾಖಲೆಯ ಹತ್ತಿರ ಯಾರೂ ಬಂದಿಲ್ಲ. ಕಾಲಿಸಿಯಂ ಮೈದಾನದ ಹುಲ್ಲಿಗೆ ಅವರದ್ದೇ ಹೆಸರಿತ್ತು. ಅದಾಗಿ ಮೂರು ತಿಂಗಳೊಳಗೆ ಅವರು ತೀರಿಕೊಂಡರು.

ಆಟ 3-2ರಿಂದ ಗೆದ್ದೆವು. ಕಾಟ್ಸೆ ಮೈಕ್ ಹಿಡಿದು ಊರಿನ ಜನಕ್ಕೆ ಧನ್ಯವಾದ ಹೇಳಿದರು, ಕೊನೆಯ ಸಲ ‘ಲೆಟ್ಸ್ ಗೋ ಓಕ್‌ಲ್ಯಾಂಡ್’ ಕೂಗಿಸಿದರು. ಯಾರೂ ಮನೆಗೆ ಹೋಗುತ್ತಿರಲಿಲ್ಲ. ಮೈದಾನ ನೋಡಿಕೊಳ್ಳುವ ಸಿಬ್ಬಂದಿ ಇನ್‌ಫೀಲ್ಡಿನ ಮಣ್ಣು ಅಗೆದು, ಬೇಲಿಯ ಹತ್ತಿರ ನಿಂತವರಿಗೆಲ್ಲ ಕೊಡುತ್ತಿದ್ದರು. ಜನ ಲೋಟದಲ್ಲಿ, ಟೋಪಿಯಲ್ಲಿ ಹಿಡಿಯುತ್ತಿದ್ದರು. ಮಗಳು ಪುಳಿಯೋಗರೆ ಡಬ್ಬಿ ಖಾಲಿ ಮಾಡಿ, ಕರವಸ್ತ್ರದಿಂದ ಒರೆಸಿ, ಮುಂದೆ ಚಾಚಿದಳು. ಒಬ್ಬರು ಎರಡು ಹಿಡಿ ಮಣ್ಣು ಹಾಕಿದರು. ಹಾಕುವಾಗ ಅವರ ಕಣ್ಣಲ್ಲೂ ನೀರಿತ್ತು. ಮುಂದಿನ ವರ್ಷ ಅವರಿಗೆ ಅಲ್ಲಿ ಕೆಲಸ ಇರುವುದಿಲ್ಲ ಅನ್ನುವುದು ನನಗೆ ಹೊಳೆದದ್ದು ರೈಲು ಹತ್ತಿದ ಮೇಲೆ.

‘ರೂಟೆಡ್ ಇನ್ ಓಕ್‌ಲ್ಯಾಂಡ್’ ಅಂತ ಬೋರ್ಡ್ ಹಾಕಿದ್ದು ನಿಮ್ಮ ಸಂಸ್ಥೆಯೇ. ಬೇರು ಇಲ್ಲೇ ಇದೆ ಅಂತ. ಆ ಮಾತನ್ನು ನಾವು ನಂಬಿದೆವು.

ಊರು ಸುಮ್ಮನೆ ಕೂತಿಲ್ಲ. ವೆಸ್ಟ್ ಓಕ್‌ಲ್ಯಾಂಡಿನ ರೈಮಂಡಿ ಪಾರ್ಕಿನಲ್ಲಿ ಓಕ್‌ಲ್ಯಾಂಡ್ ಬಾಲರ್ಸ್ ಅಂತ ಸಣ್ಣ ತಂಡ ಹುಟ್ಟಿದೆ. ಅಭಿಮಾನಿಗಳೇ ಷೇರು ಕೊಂಡಿದ್ದಾರೆ. 2025ರಲ್ಲಿ ಅವರು ಪಯೋನೀರ್ ಲೀಗ್ ಗೆದ್ದರು. ಕಾಲಿಸಿಯಂನಲ್ಲಿ ಓಕ್‌ಲ್ಯಾಂಡ್ ರೂಟ್ಸ್ ಸಾಕರ್ ತಂಡದ ಮೊದಲ ಆಟಕ್ಕೆ 26 ಸಾವಿರಕ್ಕೂ ಜಾಸ್ತಿ ಜನ ಬಂದರು. ನಾನೂ ಹೋಗಿದ್ದೆ. ಆಟದ ನಿಯಮ ಅರ್ಧಕ್ಕರ್ಧ ತಿಳಿಯಲಿಲ್ಲ. ಡ್ರಮ್ ಸದ್ದು ಮಾತ್ರ ಗುರುತಿನದಾಗಿತ್ತು.

ಈಗ ನನ್ನ ಕೋರಿಕೆಗಳು. ತಂಡ ವಾಪಸ್ ಬರುವುದಿಲ್ಲ ಅಂತ ಗೊತ್ತು. 2025ರ ಜೂನ್‌ನಲ್ಲಿ ಲಾಸ್ ವೇಗಾಸ್‌ನಲ್ಲಿ ಗುದ್ದಲಿ ಪೂಜೆ ಆಗಿದೆ, 2028ಕ್ಕೆ 33 ಸಾವಿರ ಜನ ಹಿಡಿಯುವ ಮೈದಾನ ಅಂತ ಹೇಳಿದ್ದೀರಿ.

ಕರ್ಟ್ಸ್ ಅವರನ್ನು ದೀರ್ಘ ಕರಾರಿಗೆ ಒಪ್ಪಿಸಿ. ಓಲ್ಸನ್, ಚಾಪ್‌ಮನ್ ಕಥೆ ಇನ್ನೊಂದು ಸಲ ನೋಡುವ ಶಕ್ತಿ ನನಗಿಲ್ಲ. ಗಂಟೆಗೆ ನೂರು ಮೈಲಿ ದಾಟಿಸಿ ಎಸೆಯುವ ಮೇಸನ್ ಮಿಲ್ಲರ್‌ನನ್ನು ಜುಲೈ ಕೊನೆಯಲ್ಲಿ ಸ್ಯಾನ್ ಡಿಯಾಗೊಗೆ ಕೊಟ್ಟಿರಿ. ಬದಲಿಗೆ ಬಂದ ಲಿಯೊ ಡಿ ಫ್ರೀಸ್‌ಗೆ ಆಗ 18 ವರ್ಷ, ಬಹಳ ಪ್ರತಿಭೆ ಇರುವ ಹುಡುಗ. ಆ ವ್ಯವಹಾರ ತಪ್ಪು ಅಂತ ನಾನು ಹೇಳುವುದಿಲ್ಲ, ನಾಲ್ಕು ವರ್ಷ ಆದ ಮೇಲೆ ಒಳ್ಳೆಯದಾಯಿತು ಅಂತ ಕಾಣಬಹುದು. ಆದರೆ ಡಿ ಫ್ರೀಸ್ ಬೆಳೆದ ಮೇಲೆ ಅವನನ್ನೂ ಕೊಟ್ಟುಬಿಟ್ಟರೆ ಇದಕ್ಕೆ ಏನರ್ಥ? ಮುಖ್ಯವಾಗಿ ಪಿಚರ್‌ಗಳನ್ನು ತನ್ನಿ. ಇಂಥ ಬ್ಯಾಟಿಂಗ್ ಇಟ್ಟುಕೊಂಡು 86 ಸೋಲುವುದು ಹುಡುಗರಿಗೆ ಮಾಡುವ ಅನ್ಯಾಯ.

1972, 1973, 1974, 1989. ನಾಲ್ಕು ವರ್ಲ್ಡ್ ಸೀರೀಸ್ ಗೆದ್ದದ್ದು ಓಕ್‌ಲ್ಯಾಂಡ್ ಅಥ್ಲೆಟಿಕ್ಸ್. ಅಥ್ಲೆಟಿಕ್ಸ್ ಅನ್ನುವ ಹೆಸರೂ ಆನೆಯ ಗುರುತೂ ಫಿಲಡೆಲ್ಫಿಯಾದಿಂದ ಬಂದದ್ದು, ನಡುವೆ ಕ್ಯಾನ್ಸಸ್ ಸಿಟಿಯಲ್ಲಿ ಇದ್ದದ್ದು ನಿಜ. ಆದ್ದರಿಂದ ಹೆಸರು ಬಿಟ್ಟುಕೊಡಿ ಅಂತ ಕೇಳುವ ಹಕ್ಕು ನಮಗಿಲ್ಲ. ಆದರೆ ಆ ನಾಲ್ಕು ಟ್ರೋಫಿ ನಮ್ಮವು. ಅವನ್ನು ಲಾಸ್ ವೇಗಾಸ್‌ನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಡಿ. ಲೇಕ್ ಮೆರಿಟ್ ಹತ್ತಿರ ಓಕ್‌ಲ್ಯಾಂಡ್ ಮ್ಯೂಸಿಯಂ ಇದೆ. ಅಲ್ಲಿಗೆ ಕೊಡಿ. ಶಾಲೆಯ ಮಕ್ಕಳು ಬಂದು ನೋಡಲಿ.

ಇನ್ನೊಂದು. ನೀವು ಕ್ಷಮೆಯನ್ನು ಪತ್ರದಲ್ಲಿ ಕೇಳಿದಿರಿ. ಒಂದು ಸಲ ಓಕ್‌ಲ್ಯಾಂಡಿಗೆ ಬಂದು, ಜನರ ಮುಂದೆ ನಿಂತು, ನಾನು ಮೇಲೆ ಕೇಳಿದ ಆ ಒಂದು ಪ್ರಶ್ನೆಗೆ ಉತ್ತರ ಕೊಡಿ. ಜನ ಕೂಗಾಡಬಹುದು. ಆದರೆ ಕೇಳಿಸಿಕೊಳ್ಳುತ್ತಾರೆ. 23 ವರ್ಷ ಆ ಸ್ಟ್ಯಾಂಡಿನಲ್ಲಿ ಅವರ ಜೊತೆ ಕೂತವಳು ನಾನು, ಅವರನ್ನು ಬಲ್ಲೆ.

ಮಾರ್ಚ್ ಬಂದರೆ ನಾನು ಮತ್ತೆ ರೇಡಿಯೋ ಹಾಕುತ್ತೇನೆ. ಕರ್ಟ್ಸ್ ಬ್ಯಾಟ್ ಹಿಡಿದು ಬಂದಾಗ ಕೆಲಸ ಬಿಟ್ಟು ನಿಲ್ಲುತ್ತೇನೆ. ಅಪ್ಪನಿಗೆ ವಿಡಿಯೋ ಕಳಿಸುತ್ತೇನೆ. ಲಾಸ್ ವೇಗಾಸ್‌ಗೆ ಮಾತ್ರ ನಾನು ಬರುವುದಿಲ್ಲ.

ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ಇಂತಿ,
ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ ಅಭಿಮಾನಿ
ಫ್ರೀಮಾಂಟ್, ಕ್ಯಾಲಿಫೋರ್ನಿಯಾ